ಬಜೆಟ್ 6 ಲಕ್ಷ: ಸ್ವಿಫ್ಟ್, ಸಿಟಿ, ಬ್ರೆಜಾ ಮೂರರಲ್ಲಿ ಯಾವ ಸೆಕೆಂಡ್ ಹ್ಯಾಂಡ್ ಗಾಡಿ?

ಹಾಸನ್ ರೋಡ್

ನಮಸ್ಕಾರ. ಆರ್‌ಸಿ ಟ್ರಾನ್ಸ್‌ಫರ್, ಇನ್ಶೂರೆನ್ಸ್ ಎಲ್ಲಾ ಸೇರಿ 6 ಲಕ್ಷ ದಾಟಬಾರದು. ಹಾಸನದಲ್ಲಿ ದಿನಕ್ಕೆ 18 ಕಿ.ಮೀ. ಓಡಾಟ, ತಿಂಗಳಿಗೊಮ್ಮೆ ಶಿರಾಡಿ ಘಾಟ್ ಇಳಿದು ಮಂಗಳೂರು. ಲೆಕ್ಕ ಹಾಕಿದರೆ ತಿಂಗಳಿಗೆ 800 ಚಿಲ್ಲರೆ ಕಿ.ಮೀ. ನಾಲ್ಕು ಜನ ಕೂರುವುದು. ಕಣ್ಣಿಗೆ ಬಿದ್ದಿರುವುದು ಮೂರು ಗಾಡಿ:

ಸ್ವಿಫ್ಟ್ ವಿಎಕ್ಸ್‌ಐ ಪೆಟ್ರೋಲ್, 2018, ಕೆಎ 19, ಒಬ್ಬರೇ ಓನರ್, 46,000 ಕಿ.ಮೀ., ಹೇಳುತ್ತಿರುವುದು 5.40.
ಹೋಂಡಾ ಸಿಟಿ ಪೆಟ್ರೋಲ್ ಮ್ಯಾನ್ಯುಯಲ್, 2015, ಕೆಎ 53, ಎರಡನೇ ಓನರ್, 78,000 ಕಿ.ಮೀ., 5.60.
ವಿಟಾರಾ ಬ್ರೆಜಾ ಡೀಸೆಲ್, 2018, ಡಿಎಲ್ (ದೆಹಲಿ) ನಂಬರ್, 92,000 ಕಿ.ಮೀ., 4.90. ಗಾಡಿ ಇಲ್ಲಿಗೆ ತರಲು ಬೇಕಾದ ಎನ್‌ಓಸಿ (ನಿರಾಕ್ಷೇಪಣಾ ಪತ್ರ) ತೆಗೆಸಿಕೊಡುತ್ತಾರಂತೆ.

ಬ್ರೆಜಾ ಇಷ್ಟು ಕಡಿಮೆಗೆ ಸಿಗುತ್ತಿರುವುದು ಯಾಕೆ? ಗಾಡಿ ನೋಡಲು ಹೋದಾಗ ಏನೇನು ನೋಡಬೇಕು?

ಸ್ಪ್ಯಾನರ್ 12

ಡೀಸೆಲ್ ಬಿಡಿ. 800 ಕಿ.ಮೀ.ಗೆ ಇಂಧನದಲ್ಲಿ ಉಳಿಯುವುದು ತಿಂಗಳಿಗೆ ಸಾವಿರ, ಸಾವಿರದಿನ್ನೂರು. ಅದನ್ನು ಸರ್ವಿಸ್ ಖರ್ಚೇ ನುಂಗುತ್ತದೆ. ಮೇಲಾಗಿ ದಿನಾ ಒಂಬತ್ತು ಕಿ.ಮೀ. ಹೋಗಿ ಒಂಬತ್ತು ಕಿ.ಮೀ. ಬರುವ ಓಟದಲ್ಲಿ ಡೀಸೆಲ್ ಎಂಜಿನ್ ಸರಿಯಾಗಿ ಬಿಸಿಯೇ ಆಗಲ್ಲ. ಹೊಗೆಯ ಒಂದು ಭಾಗವನ್ನು ಎಂಜಿನ್‌ಗೆ ವಾಪಸ್ ಬಿಡುವ ಇಜಿಆರ್ ವಾಲ್ವ್‌ನಲ್ಲಿ ಮಸಿ ಕಟ್ಟಿಕೊಂಡು ಪಿಕಪ್ ಬೀಳುತ್ತದೆ. ಹೊಸ ಹೊಗೆ ನಿಯಮದ ಬಿಎಸ್6 ಡೀಸೆಲ್ ಆಗಿದ್ದರೆ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಕಟ್ಟಿಕೊಳ್ಳುವ ಕಾಟವೂ ಸೇರುತ್ತಿತ್ತು.

6 ಲಕ್ಷ ಕೈಯಲ್ಲಿದ್ದರೆ ಗಾಡಿಗೆ 5.40 ಮೀರಬೇಡಿ. ಮಿಕ್ಕಿದ್ದು ಟ್ರಾನ್ಸ್‌ಫರ್, ಇನ್ಶೂರೆನ್ಸ್, ಟೈರ್, ಬ್ಯಾಟರಿ, ಎಲ್ಲಾ ಆಯಿಲ್, ಕೂಲಂಟ್, ಫಿಲ್ಟರ್ ಬದಲಾವಣೆಗೆ ಬೇಕೇ ಬೇಕು. "ಏನೂ ಕೆಲಸ ಇಲ್ಲ ಸಾರ್, ಹಾಗೇ ಓಡಿಸ್ಕೊಂಡು ಹೋಗಿ" ಅನ್ನೋ ಗಾಡಿಗೂ ಬೇಕು.

ಸ್ವಿಫ್ಟ್ ಬಗ್ಗೆ. ಕೆಎ 19 ಮಂಗಳೂರಿನ ನಂಬರ್, ಉಪ್ಪುಗಾಳಿಯ ಊರು. ಮೇಲಿನ ಬಣ್ಣ ಫಳಫಳ ಅಂತಿದ್ದರೂ ತುಕ್ಕು ಕೆಳಗಿನಿಂದ ಹತ್ತುತ್ತದೆ. ಯಾವುದಾದರೂ ಗ್ಯಾರೇಜ್‌ನಲ್ಲಿ ಲಿಫ್ಟ್‌ಗೆ ಹಾಕಿಸಿ, ಟಾರ್ಚ್ ಹಿಡಿದು ನೋಡಿ. ಮುಂದಿನ ಸಬ್‌ಫ್ರೇಮ್ (ಎಂಜಿನ್ ಕೆಳಗಿನ ಚೌಕಟ್ಟು), ಬ್ರೇಕ್ ಪೈಪ್ ಹಾದುಹೋಗುವ ಕ್ಲಿಪ್‌ಗಳ ಹತ್ತಿರ, ಸೈಲೆನ್ಸರ್ ಜಾಯಿಂಟ್, ಬಾಗಿಲ ಕೆಳಗಿನ ಸಿಲ್‌ನಲ್ಲಿ ನೀರು ಹೋಗುವ ಸಣ್ಣ ತೂತುಗಳು. ಸ್ಕ್ರೂಡ್ರೈವರ್ ಹಿಡಿಯಿಂದ ಸಿಲ್ ಮೇಲೆ ಮೆಲ್ಲಗೆ ತಟ್ಟಿ. ಗಟ್ಟಿ ತಗಡು ಟಣ್ ಅನ್ನುತ್ತದೆ. ಒಳಗೆ ತುಕ್ಕು ತಿಂದಿದ್ದರೆ ಸದ್ದು ಮಂಕಾಗಿ, ತೂತಿನಿಂದ ಕಂದು ಪುಡಿ ಉದುರುತ್ತದೆ. ಸೈಲೆನ್ಸರ್ ಮೇಲಿನ ತುಕ್ಕಿಗೆ ತಲೆ ಕೆಡಿಸಿಕೊಳ್ಳಬೇಡಿ, ಅದು ಬದಲಾಯಿಸುವ ಸಾಮಾನು. ಸಿಲ್ ಮತ್ತು ಸಬ್‌ಫ್ರೇಮ್ ತುಕ್ಕು ಹಿಡಿದಿದ್ದರೆ ಎಷ್ಟೇ ಬೆಲೆ ಇಳಿಸಿದರೂ ವಾಪಸ್ ಬನ್ನಿ. ಕಪ್ಪು ಅಂಡರ್‌ಬಾಡಿ ಕೋಟಿಂಗ್ ಈಗಷ್ಟೇ ಹೊಡೆಸಿ ಇನ್ನೂ ವಾಸನೆ ಬರುತ್ತಿದ್ದರೆ ಏನೋ ಮುಚ್ಚುತ್ತಿದ್ದಾರೆ ಅಂತಲೇ ಅಂದುಕೊಳ್ಳಿ.

ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಬೇಕು. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ. ಬಿಸಿ ಇದ್ದರೆ ಇನ್ನೊಂದು ದಿನ ಬೆಳಗ್ಗೆ ಬರುತ್ತೇನೆ ಅನ್ನಿ. ಮೊದಲ ಸ್ಟಾರ್ಟ್‌ಗೆ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಗೆ ಹೋಗುತ್ತಿದೆ, ಅಂದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ ಕೆಳಗಿನ ಸೀಲ್) ಹೋಗಿದೆ. ಕೂಲಂಟ್ ಡಬ್ಬಿಯಲ್ಲಿ ತುಕ್ಕು ಬಣ್ಣದ ನೀರು ಇದ್ದರೆ ಬರೀ ನಲ್ಲಿ ನೀರಲ್ಲಿ ಓಡಿಸಿದ್ದಾರೆ. ಆಮೇಲೆ ಎಸಿ ಹಾಕಿ 20 ನಿಮಿಷ ನಿಂತಲ್ಲೇ ಬಿಡಿ, ಫ್ಯಾನ್ ಬಿಟ್ಟು ಬಿಟ್ಟು ತಿರುಗಬೇಕು, ಟೆಂಪರೇಚರ್ ಒಂದೇ ಕಡೆ ನಿಲ್ಲಬೇಕು.

ಓಡಿಸುವಾಗ ಏರಿನಲ್ಲಿ ಮೂರನೇ ಗೇರ್ ಹಾಕಿ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಏರಿ ಸ್ಪೀಡ್ ಏರದಿದ್ದರೆ ಕ್ಲಚ್ ಮುಗಿದಿದೆ. ಶಿರಾಡಿ ಓಡಾಟಕ್ಕೆ ಇದು ಮುಖ್ಯ. ಖಾಲಿ ಜಾಗದಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಒಂದು ಸುತ್ತು ಹಾಕಿ, ಟಕ್ ಟಕ್ ಅಂದರೆ ಆಕ್ಸೆಲ್ ಜಾಯಿಂಟ್ ಸವೆದಿದೆ. 60ರಲ್ಲಿ ಬ್ರೇಕ್ ಒತ್ತಿದಾಗ ಸ್ಟಿಯರಿಂಗ್ ನಡುಗಿದರೆ ಡಿಸ್ಕ್ ಸವೆದು ಓರೆಯಾಗಿದೆ.

ಬಿ ಎಕ್ಸ್‌ಟ್ರಾಕ್ಟ್

ಬ್ರೆಜಾ ಯಾಕೆ ಅಗ್ಗ ಅನ್ನೋದಕ್ಕೆ ಉತ್ತರ ದೆಹಲಿಯಲ್ಲಿದೆ. ಅಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಓಡಾಟಕ್ಕೆ ಹಸಿರು ನ್ಯಾಯಮಂಡಳಿ 2015ರಲ್ಲಿ ನಿರ್ಬಂಧ ಹೇರಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಹಾಗಾಗಿ ಅಲ್ಲಿ ಏಳೆಂಟು ವರ್ಷದ ಡೀಸೆಲ್ ಕೊಳ್ಳುವವರು ಕಡಿಮೆ, ಗಾಡಿಗಳು ದಕ್ಷಿಣಕ್ಕೆ ಇಳಿಯುತ್ತವೆ. ಗಾಡಿ ಕೆಟ್ಟದು ಅಂತಲ್ಲ. ಆದರೆ 4.90 ಅನ್ನೋದು ಪೂರ್ತಿ ಬೆಲೆಯೂ ಅಲ್ಲ.

ಕರ್ನಾಟಕದ ನಂಬರ್ ಆಗಬೇಕೆಂದರೆ ಇಲ್ಲಿ ಲೈಫ್ ಟೈಮ್ ಟ್ಯಾಕ್ಸ್ ಮತ್ತೆ ಕಟ್ಟಬೇಕು. ಗಾಡಿಯ ಮೂಲ ಬೆಲೆ, ವಯಸ್ಸು ನೋಡಿ ಲೆಕ್ಕ ಹಾಕುತ್ತಾರೆ. ಮುಂಗಡ ಕೊಡುವ ಮೊದಲೇ ಹಾಸನ ಆರ್‌ಟಿಓದಲ್ಲಿ ಆ ಮೊತ್ತ ಕೇಳಿಕೊಂಡು ಬನ್ನಿ, 4.90ಕ್ಕೆ ಕೂಡಿಸಿ, ಆಗ ಅಗ್ಗವೋ ಅಲ್ಲವೋ ಗೊತ್ತಾಗುತ್ತದೆ. ದೆಹಲಿಯಲ್ಲಿ ಕಟ್ಟಿದ ಟ್ಯಾಕ್ಸ್ ವಾಪಸ್ ಬರುತ್ತೆ ಅನ್ನುವ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎನ್‌ಓಸಿ ಅಂದರೆ ಫಾರ್ಮ್ 28, ಅದರಲ್ಲಿ ಹಾಸನ ಆರ್‌ಟಿಓ ಹೆಸರೇ ಇರಬೇಕು. ಬೇರೆ ಆರ್‌ಟಿಓ ಹೆಸರಿಗೆ ತೆಗೆಸಿದ್ದರೆ ಮತ್ತೆ ಮೊದಲಿನಿಂದ. "ತೆಗೆಸಿಕೊಡ್ತೀವಿ" ಅನ್ನುವವರಿಗೆ, ತೆಗೆಸಿದ ಮೇಲೆ ಫೋನ್ ಮಾಡಿ ಅನ್ನಿ.

ಉಳಿದೆರಡಕ್ಕೆ ಕಾಗದ ಸುಲಭ. ಸರ್ಕಾರದ ಪರಿವಾಹನ್ ವೆಬ್‌ಸೈಟ್‌ನಲ್ಲಿ ನಂಬರ್ ಹಾಕಿದರೆ ಎಷ್ಟನೇ ಓನರ್, ಇನ್ಶೂರೆನ್ಸ್ ಯಾವಾಗಿನ ತನಕ, ಸಾಲ ಇದೆಯಾ, ಬ್ಲ್ಯಾಕ್‌ಲಿಸ್ಟ್ ಆಗಿದೆಯಾ ಎಲ್ಲಾ ಕಾಣುತ್ತದೆ. ಅನುಮಾನ ಇದ್ದರೆ ಆರ್‌ಟಿಓದಿಂದ ಬಿ ಎಕ್ಸ್‌ಟ್ರಾಕ್ಟ್ (ಗಾಡಿಯ ನೋಂದಣಿ ದಾಖಲೆಯ ಪ್ರತಿ) ತೆಗೆಸಿ. ಸಾಲ ಇದ್ದರೆ ಬ್ಯಾಂಕಿನ ಎನ್‌ಓಸಿ, ಆರ್‌ಸಿಯಿಂದ ಸಾಲ ತೆಗೆಸುವ ಫಾರ್ಮ್ 35 ಎರಡೂ ಬೇಕು. ಬ್ಯಾಂಕ್ ಎನ್‌ಓಸಿಯ ತಾರೀಖು ನೋಡಿ, ಹಳೆಯದಾಗಿದ್ದರೆ ಹೊಸದು ತರಿಸಬೇಕಾಗುತ್ತದೆ. ಹೆಸರು ಬದಲಾವಣೆಗೆ ಫಾರ್ಮ್ 29, ಫಾರ್ಮ್ 30. ಖಾಲಿ ಫಾರ್ಮ್‌ಗೆ ಸೈನ್ ಹಾಕಿಸಿಕೊಂಡು ಮಧ್ಯವರ್ತಿ ಕೈಗೆ ಬಿಟ್ಟುಬಂದು ಮರೆಯಬೇಡಿ. ಟ್ರಾಫಿಕ್ ದಂಡ ಬಾಕಿ ಇದ್ದರೆ ಗಾಡಿ ಕೈ ಬದಲಾಗುವ ಮೊದಲೇ ಮಾರುವವರಿಂದ ಕಟ್ಟಿಸಿ. 2019ರ ಏಪ್ರಿಲ್‌ಗೆ ಮುಂಚಿನ ಗಾಡಿಗಳಾದ್ದರಿಂದ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ನಂಬರ್ ಪ್ಲೇಟ್ ಹಾಕಿಸಿದ್ದಾರಾ ಅದನ್ನೂ ನೋಡಿ.

ಇನ್ಶೂರೆನ್ಸ್ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ತಡ ಮಾಡಿದರೆ ನಿಮ್ಮ ಗಾಡಿಗೆ ಆದ ಡ್ಯಾಮೇಜ್‌ನ ಕ್ಲೇಮ್‌ಗೆ ತಕರಾರು ಬರುತ್ತದೆ. ನೋ ಕ್ಲೇಮ್ ಬೋನಸ್ ಮಾರಿದವರ ಜೊತೆ ಹೋಗುತ್ತದೆ, ನಿಮಗೆ ಬರಲ್ಲ. ಆ ವ್ಯತ್ಯಾಸದ ಹಣ ಕಟ್ಟಬೇಕಾಗುತ್ತದೆ.

ಡಬ್ಬಾ ಎಕ್ಸ್‌ಪರ್ಟ್

ಸಿಟಿ ಬಗ್ಗೆ ಯಾರೂ ಹೇಳಲಿಲ್ಲ. ಕೆಎ 53 ಅಂದರೆ ಕೆ.ಆರ್. ಪುರ. 2022ರ ಸೆಪ್ಟೆಂಬರ್ ಮಳೆಗೆ ಮಹದೇವಪುರ, ಬೆಳ್ಳಂದೂರು ಕಡೆ ಎಷ್ಟೋ ಬೇಸ್‌ಮೆಂಟ್‌ಗಳಲ್ಲಿ ಕಾರುಗಳು ಮುಳುಗಿದ್ದವು. ನಂಬರ್ ಒಂದನ್ನೇ ನೋಡಿ ಅನುಮಾನ ಪಡಬೇಕಿಲ್ಲ, ಆದರೆ ಐದು ನಿಮಿಷದ ಪರೀಕ್ಷೆ ಮಾಡದೆ ಬರಬೇಡಿ.

ಸೀಟ್ ಬೆಲ್ಟ್ ಪೂರ್ತಿ, ಇನ್ನು ಎಳೆಯಲಾಗದು ಅನ್ನುವ ತನಕ ಎಳೆಯಿರಿ. ಸೀಟ್ ಕವರ್ ಹೊಸದು ಹಾಕುತ್ತಾರೆ, ಮ್ಯಾಟ್ ಬದಲಾಯಿಸುತ್ತಾರೆ, ಬೆಲ್ಟಿನ ಕೊನೆಯ ಒಂದಡಿ ತೊಳೆಯುವುದು ಮರೆಯುತ್ತಾರೆ. ಅಲ್ಲಿ ಕೆಸರಿನ ಗೆರೆ, ಮುಗ್ಗಲು ವಾಸನೆ ಇದ್ದರೆ ಮುಗಿಯಿತು. ಹಾಗೇ ಸೀಟ್ ಹಿಂದೆ ಸರಿಸಿ, ಅದು ಜಾರುವ ಪಟ್ಟಿಯ ಬೋಲ್ಟ್ ತುಕ್ಕು ಹಿಡಿದಿದೆಯಾ ನೋಡಿ, ಕಾರ್ಪೆಟ್ ಎತ್ತಿ ಕೆಳಗಿನ ಫೋಮ್ ಹಿಂಡಿ ನೋಡಿ, ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆದು ಗುಂಡಿ ನೋಡಿ, ಫ್ಯೂಸ್ ಬಾಕ್ಸ್ ಕನೆಕ್ಟರ್‌ಗಳಲ್ಲಿ ಹಸಿರು ಕಿಲುಬು ಇದೆಯಾ ನೋಡಿ. ಮುಳುಗಿದ ಗಾಡಿ ಇವತ್ತು ಚೆನ್ನಾಗೇ ಓಡುತ್ತದೆ. ಒಂದೊಂದೇ ಸೆನ್ಸರ್, ಪವರ್ ವಿಂಡೋ, ಏರ್‌ಬ್ಯಾಗ್ ಲೈಟ್ ಅಂತ ವರ್ಷಗಟ್ಟಲೆ ಕಾಡುತ್ತದೆ.

ಆ ಬೆಲ್ಟಿನ ಬುಡದಲ್ಲೇ ತಯಾರಿಕೆಯ ತಾರೀಖಿನ ಲೇಬಲ್ ಇರುತ್ತದೆ. 2015ರ ಗಾಡಿಗೆ 2019ರ ಬೆಲ್ಟ್ ಇದ್ದರೆ ಬದಲಾಯಿಸಿದ್ದಾರೆ. ಏರ್‌ಬ್ಯಾಗ್ ಒಡೆದ ಆಕ್ಸಿಡೆಂಟ್‌ನಲ್ಲಿ ಬೆಲ್ಟೂ ಹೋಗುತ್ತದೆ, ಹಾಗಾಗಿ ಯಾಕೆ ಅಂತ ಕೇಳಲೇಬೇಕು. ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ಲೈಟ್ ಹತ್ತಿ ಕೆಲವು ಸೆಕೆಂಡಲ್ಲಿ ಆರಬೇಕು. ಹತ್ತಲೇ ಇಲ್ಲ ಅಂದರೆ ಬಲ್ಬ್ ಕಿತ್ತಿದ್ದಾರೆ.

ಟಿಂಕರಿಂಗ್ ಪತ್ತೆಗೆ ಬಾಗಿಲ ಚೌಕಟ್ಟಿನ ರಬ್ಬರ್ ಬೀಡಿಂಗ್ ಎಳೆಯಿರಿ. ಕಂಪನಿ ಸ್ಪಾಟ್ ವೆಲ್ಡ್ ಸಮ ಅಂತರದಲ್ಲಿ ಗುಂಡು ಗುಂಡಾಗಿ ಕಾಣುತ್ತದೆ. ಅಲ್ಲಿ ಪಟ್ಟಿ ತರಹ ವೆಲ್ಡಿಂಗ್ ಕಂಡರೆ ಪಿಲ್ಲರ್ ಕೆಲಸ ಆಗಿದೆ. ಬಾನೆಟ್ ಹಿಂಜ್, ಫೆಂಡರ್ (ಮುಂಚಕ್ರದ ಮೇಲಿನ ತಗಡು) ಬೋಲ್ಟ್‌ಗಳ ತಲೆಯ ಮೂಲೆಗಳಲ್ಲಿ ಬಣ್ಣ ಎದ್ದಿದ್ದರೆ ಸ್ಪ್ಯಾನರ್ ಬಿದ್ದಿದೆ ಅಂತ ಅರ್ಥ.

ಗಾಡಿ ಸ್ವಚ್ಛವಾಗಿದ್ದರೆ ಸಿಟಿ 1.5 ಎಂಜಿನ್ ಈ ಮೂರರಲ್ಲಿ ನನಗೆ ಹೆಚ್ಚು ಹಿಡಿಸುವುದು. ಇದರಲ್ಲಿ ಟ್ಯಾಪೆಟ್ (ಎಂಜಿನ್ ವಾಲ್ವ್‌ನ ಸಂದು) ತಾನಾಗಿ ಅಡ್ಜಸ್ಟ್ ಆಗಲ್ಲ, ಸುಮಾರು 40,000 ಕಿ.ಮೀ.ಗೊಮ್ಮೆ ನೋಡಿಸಬೇಕು. ಸರ್ವಿಸ್ ಬಿಲ್‌ನಲ್ಲಿ ಅದು ಇದೆಯಾ ನೋಡಿ. ಹೋಂಡಾ ಕಂಪನಿ ಏರ್‌ಬ್ಯಾಗ್, ಫ್ಯುಯೆಲ್ ಪಂಪ್ ರಿಕಾಲ್‌ಗಳನ್ನು ಮಾಡಿದೆ, ಚಾಸಿ ನಂಬರ್ ಕೊಟ್ಟು ಈ ಗಾಡಿಗೆ ಅನ್ವಯಿಸುತ್ತದಾ ಕೇಳಿ. ರಿಕಾಲ್ ಕೆಲಸ ಉಚಿತ.

ಘಾಟ್ ಸೆಕ್ಷನ್

ಘಾಟ್‌ನಲ್ಲಿ ನಾಲ್ಕು ಜನ ಅಂದಮೇಲೆ ಬಾಡಿಯ ಗಟ್ಟಿತನವನ್ನೂ ಲೆಕ್ಕಕ್ಕೆ ತಗೊಳ್ಳಿ. ಗ್ಲೋಬಲ್ ಎನ್‌ಕ್ಯಾಪ್‌ನವರು ಗಾಡಿ ಗುದ್ದಿಸಿ ಮಾಡುವ ಪರೀಕ್ಷೆಯಲ್ಲಿ 2018ರ ಸ್ವಿಫ್ಟ್‌ಗೆ 2 ಸ್ಟಾರ್, ಬ್ರೆಜಾಗೆ 4, ಈ ತಲೆಮಾರಿನ ಸಿಟಿಗೂ 4. ಸ್ವಿಫ್ಟ್‌ನಲ್ಲಿ ಎರಡು ಏರ್‌ಬ್ಯಾಗ್, ಎಬಿಎಸ್ ಎಲ್ಲಾ ಮಾಡೆಲ್‌ಗಳಲ್ಲೂ ಇವೆ, ಅದು ಸರಿ. ಸ್ಪೇರ್, ಮಾರುವಾಗಿನ ಬೆಲೆ ಅಂದರೆ ಸ್ವಿಫ್ಟ್. ಕೂರುವವರ ದೃಷ್ಟಿಯಿಂದ ಸಿಟಿ. ಡೀಸೆಲ್ ಬೇಡ ಅನ್ನುವುದಕ್ಕೆ ನನ್ನದೂ ಒಪ್ಪಿಗೆ, ಶಿರಾಡಿ ಏರಿನಲ್ಲಿ ಆ ಟಾರ್ಕ್ ಎಷ್ಟೇ ಆರಾಮ ಅನ್ನಿಸಿದರೂ.

ಹಾಸನ್ ರೋಡ್

ಎಲ್ಲರಿಗೂ ಧನ್ಯವಾದ. ಬ್ರೆಜಾ ಕೈಬಿಟ್ಟಾಯ್ತು. ಸಿಟಿಯ ಹಿಂದಿನ ಬೆಲ್ಟ್ ಎಳೆದಾಗ ಕೆಸರಿನ ಗೆರೆ ಕಂಡಿತು, ಅದೂ ಬೇಡ. ಸ್ವಿಫ್ಟ್ ಲಿಫ್ಟ್‌ಗೆ ಹಾಕಿಸಿದ್ದಾಯ್ತು, ಸಿಲ್ ಗಟ್ಟಿ ಇದೆ. ಸರ್ವಿಸ್ ಸೆಂಟರ್ ದಾಖಲೆಯಲ್ಲಿ ಕೊನೆಯ ಸರ್ವಿಸ್ 41,200ಕ್ಕೆ, ಅದಕ್ಕೂ ಹಿಂದಿನವು ವರ್ಷಕ್ಕೊಂದರಂತೆ ಸರಿಯಾಗಿವೆ. ಆದರೆ ಎರಡು ವಿಷಯ. ಬಲಗಡೆ ಮುಂದಿನ ಫೆಂಡರ್‌ನಲ್ಲಿ ಬಣ್ಣದ ದಪ್ಪ ಅಳೆಯುವ ಪೇಂಟ್ ಮೀಟರ್ 260 ಮೈಕ್ರಾನ್ ತೋರಿಸಿತು, ಉಳಿದ ಕಡೆ 100ರಿಂದ 120. ಗಾಡಿಯ ಕಂಪ್ಯೂಟರ್ ಓದುವ ಓಬಿಡಿ ಸ್ಕ್ಯಾನರ್‌ನಲ್ಲಿ ಎರರ್ ಕೋಡ್ ಏನೂ ಇಲ್ಲ, ಆದರೆ "ಕೋಡ್ ಅಳಿಸಿ 38 ಕಿ.ಮೀ." ಅಂತ ಬಂತು.

ಡಬ್ಬಾ ಎಕ್ಸ್‌ಪರ್ಟ್

260 ಅಂದರೆ ಒಂದು ಸಲ ಬಣ್ಣ ಹೊಡೆದಿದ್ದಾರೆ. ಪುಟ್ಟಿ ತುಂಬಿದ್ದರೆ ಮೀಟರ್ ಇನ್ನೂ ಎಷ್ಟೋ ಮೇಲೆ ಹೋಗುತ್ತಿತ್ತು. ಮುಂದಿನ ಫೆಂಡರ್ ಬೋಲ್ಟ್ ಮೇಲೆ ನಿಂತಿರುವ ಸಾಮಾನು, ಬೈಕ್ ತಗುಲಿದರೂ ಬಣ್ಣ ಹೊಡೆಸುತ್ತಾರೆ. ಹಿಂದಿನ ಕ್ವಾರ್ಟರ್ ಪ್ಯಾನೆಲ್ (ಹಿಂಚಕ್ರದ ಮೇಲಿನ ತಗಡು) ಆಗಿದ್ದರೆ ಬೇರೆ ಮಾತು, ಅದು ಬಾಡಿಗೇ ಬೆಸೆದಿರುತ್ತದೆ. ಬಾನೆಟ್ ಎತ್ತಿ ಬಲಗಡೆ ಏಪ್ರನ್ (ಫೆಂಡರ್ ಒಳಗಿನ ತಗಡು) ಮಾತ್ರ ನೋಡಿ: ಎಡಗಡೆಯದಕ್ಕೂ ಅದಕ್ಕೂ ಸುಕ್ಕು, ಸೀಲಂಟ್ ಗೆರೆ, ಬಣ್ಣದಲ್ಲಿ ವ್ಯತ್ಯಾಸ ಇರಬಾರದು. ಎರಡೂ ಒಂದೇ ತರಹ ಇದ್ದರೆ ಫೆಂಡರ್ ಮರೆತುಬಿಡಿ.

ಸ್ಪ್ಯಾನರ್ 12

ಆ 38 ಕಿ.ಮೀ. ಮರೆಯುವಂಥದ್ದಲ್ಲ. ಬ್ಯಾಟರಿ ಬಿಚ್ಚಿ ಹಾಕಿದರೂ ಕೆಲವು ಗಾಡಿಗಳಲ್ಲಿ ಹೀಗೆ ಬರುತ್ತದೆ, ಅದಕ್ಕೆ ಮೊದಲು ಬ್ಯಾಟರಿ ಹೊಸದಾ ಕೇಳಿ. ಇಲ್ಲ ಅಂದರೆ ಚೆಕ್ ಎಂಜಿನ್ ಲೈಟ್ ಹತ್ತಿತ್ತು, ನೀವು ಬರುವ ಮೊದಲು ಅಳಿಸಿದ್ದಾರೆ. ಅದೇ ಸ್ಕ್ಯಾನರ್‌ನಲ್ಲಿ ರೆಡಿನೆಸ್ ಮಾನಿಟರ್ ಅಂತ ಇದೆ, ನೋಡಿ. ಕ್ಯಾಟಲಿಸ್ಟ್ (ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್), ಆಕ್ಸಿಜನ್ ಸೆನ್ಸರ್ ಎದುರು "ಇನ್‌ಕಂಪ್ಲೀಟ್" ಇದ್ದರೆ ಗಾಡಿ ತನ್ನ ಪರೀಕ್ಷೆ ಇನ್ನೂ ಮುಗಿಸಿಲ್ಲ, ಕೋಡ್ ಇಲ್ಲ ಅನ್ನುವುದಕ್ಕೆ ಬೆಲೆಯಿಲ್ಲ. ಮಾರುವವರಿಗೆ ಹೇಳಿ, ಹೈವೇ ಸೇರಿ 100 ಕಿ.ಮೀ. ಓಡಿಸಲಿ, ಎರಡು ಮೂರು ಸಲ ತಣ್ಣಗಾದ ಮೇಲೆ ಸ್ಟಾರ್ಟ್ ಆಗಲಿ. ಮಾನಿಟರ್ ಎಲ್ಲಾ ಪೂರ್ತಿಯಾದ ಮೇಲೂ ಕೋಡ್ ಬರದಿದ್ದರೆ ಧೈರ್ಯವಾಗಿ ತಗೊಳ್ಳಿ. ಓಡಿಸಲು ಒಪ್ಪದಿದ್ದರೆ ಕಾರಣ ನಿಮಗೇ ಗೊತ್ತಾಗುತ್ತದೆ. ಆಕ್ಸಿಜನ್ ಸೆನ್ಸರ್ ಆಗಿದ್ದರೆ ಕೆಲವು ಸಾವಿರದಲ್ಲಿ ಮುಗಿಯುತ್ತದೆ, ಕ್ಯಾಟಲಿಟಿಕ್ ಕನ್ವರ್ಟರ್ ಆಗಿದ್ದರೆ ದೊಡ್ಡ ಖರ್ಚು.

ಟೈರ್ ನೋಡಿದ್ರಾ? ಪಕ್ಕದಲ್ಲಿ ಡಾಟ್ ಅಂತ ಇರುವ ಸಾಲಿನ ಕೊನೆಯ ನಾಲ್ಕು ಅಂಕೆ ವಾರ ಮತ್ತು ವರ್ಷ. 1118 ಅಂದರೆ 2018ರ 11ನೇ ವಾರ. ಅದೇ ಕಂಪನಿ ಟೈರ್ ಇನ್ನೂ ಇದ್ದರೆ ಟೈರ್ ಮೇಲಿನ ಗೆರೆಗಳು ಆಳ ಇದ್ದರೂ ರಬ್ಬರ್ ಗಟ್ಟಿಯಾಗಿರುತ್ತದೆ, ಮಳೆಯಲ್ಲಿ ಶಿರಾಡಿಗೆ ಆಗಲ್ಲ. ವಿಎಕ್ಸ್‌ಐಗೆ 165/80 ಆರ್14 ಸೈಜಿನ ಟೈರ್, ನಾಲ್ಕಕ್ಕೂ ಅಂಗಡಿಯಲ್ಲಿ ಕೊಟೇಶನ್ ಬರೆಸಿಕೊಂಡು ಹೋಗಿ. ಬಾಯಲ್ಲಿ "ಕಡಿಮೆ ಮಾಡಿ" ಅನ್ನುವುದಕ್ಕಿಂತ ಆ ಚೀಟಿ ಮೇಜಿನ ಮೇಲಿಟ್ಟರೆ ಬೆಲೆ ಇಳಿಯುತ್ತದೆ. 46,000 ನಿಜವಾಗಿದ್ದರೆ ಮೂಲ ಟೈರ್ ಅಥವಾ ಒಂದೇ ಸಲ ಬದಲಾಯಿಸಿದ ಸೆಟ್ ಇರಬೇಕು. ನಾಲ್ಕು ಟೈರ್ ನಾಲ್ಕು ಬೇರೆ ಬೇರೆ ವರ್ಷದ್ದಾಗಿದ್ದರೆ ಮೀಟರ್ ಬಗ್ಗೆ ಮತ್ತೆ ಯೋಚಿಸಿ.

ಬಿ ಎಕ್ಸ್‌ಟ್ರಾಕ್ಟ್

ಟೋಕನ್ ಕೊಡುವುದಾದರೆ ಐದು ಸಾವಿರ ಸಾಕು, ನಗದು ಬೇಡ, ಬ್ಯಾಂಕ್ ಮೂಲಕ. "ಸ್ಕ್ಯಾನ್ ಮತ್ತು ದಾಖಲೆ ಸರಿಯಿಲ್ಲದಿದ್ದರೆ ಟೋಕನ್ ವಾಪಸ್" ಅಂತ ವಾಟ್ಸಾಪ್‌ನಲ್ಲಾದರೂ ಬರೆಸಿಕೊಳ್ಳಿ. ಗಾಡಿ ಕೈಗೆ ಬಂದ ದಿನ ತಾರೀಖು, ಗಂಟೆ, ಮೀಟರ್ ರೀಡಿಂಗ್ ಬರೆದ ಡೆಲಿವರಿ ನೋಟ್‌ಗೆ ಇಬ್ಬರ ಸಹಿ. ಎರಡನೇ ಕೀ ಕೇಳಿ ಇಸ್ಕೊಳ್ಳಿ, ಈ ಗಾಡಿಯ ಕೀಯಲ್ಲಿ ಇಮೊಬಿಲೈಸರ್ ಚಿಪ್ ಇರುತ್ತದೆ, ಬೀದಿ ಕೀ ಅಂಗಡಿಯಲ್ಲಿ ಬರೀ ಹಲ್ಲು ಕೊರೆಸಿದರೆ ಬಾಗಿಲು ತೆಗೆಯುತ್ತದೆಯೇ ಹೊರತು ಸ್ಟಾರ್ಟ್ ಆಗಲ್ಲ.