ಸದಕ್ ಹೆಸರಿನ ಜೊತೆ "ಬರೋ" ಎಲ್ಲಿ ಬರಬೇಕು? ಹೆಸರಿನ ಮೊದಲು ಇಂಗ್ಲಿಷಿನ "ದ" (the) ಬೇಕಾ?

ಪೆಕಮ್ ನಿವಾಸಿ

ಎಲ್ಲರಿಗೂ ನಮಸ್ಕಾರ. ನಾನಿರುವುದು ಲಂಡನ್ನಿನ ಪೆಕಮ್‌ನಲ್ಲಿ. ನಮ್ಮ ಬೀದಿಯವರೆಲ್ಲ ಸೇರಿ ಸುತ್ತಮುತ್ತಲ ಹಳೆಯ ಕಟ್ಟಡಗಳನ್ನು ನೋಡುತ್ತಾ ಒಂದು ಸುತ್ತು ನಡೆಯೋಣ ಅಂದುಕೊಂಡಿದ್ದೇವೆ. ಅದಕ್ಕೆ ಇಂಗ್ಲಿಷಿನಲ್ಲಿ ಕರಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಪೆಕಮ್ ಸೇರುವುದು ಸದಕ್ ಬರೋಗೆ (ಬರೋ ಅಂದರೆ ಲಂಡನ್ನಿನ ಒಂದು ಸ್ಥಳೀಯ ಆಡಳಿತ ವಿಭಾಗ). ಕಾಗುಣಿತ ನೋಡಿದರೆ ಸೌತ್‌ವಾರ್ಕ್ ಅಂತ ಓದಬೇಕು ಅನ್ನಿಸುತ್ತದೆ, ಆದರೆ ಇಲ್ಲಿ ಎಲ್ಲರ ಬಾಯಲ್ಲೂ ಸದಕ್.

ಒಬ್ಬರು "ಇನ್ ಸದಕ್ ಬರೋ" ಸಾಕು ಅನ್ನುತ್ತಾರೆ. ಇನ್ನೊಬ್ಬರು ಪ್ರತಿ ಸಲವೂ "ಇನ್ ದ ಲಂಡನ್ ಬರೋ ಆಫ್ ಸದಕ್" ಅಂತಲೇ ಬರೆಯಿರಿ, ಅದೇ ಮರ್ಯಾದೆ ಅನ್ನುತ್ತಾರೆ. ಮೂರು ಪ್ಯಾರಾದಲ್ಲಿ ಅಷ್ಟುದ್ದ ಹೆಸರು ಏಳೆಂಟು ಸಲ ಬಂದರೆ ಓದುವವರಿಗೆ ಸುಸ್ತಾಗಲ್ವಾ? ಯಾವುದು ಸರಿ, ಎಲ್ಲಿ ಸರಿ, ಗೊತ್ತಿರುವವರು ಹೇಳಿ. ಕರಪತ್ರದ ಒಂದು ಸಾಲು ಹೀಗಿದೆ: "ಲಂಡನ್ ಬರೋ ಆಫ್ ಸದಕ್‌ನಲ್ಲಿರುವ ಪೆಕಮ್‌ನ ಸೇಂಟ್ ಮೇರೀಸ್ ರಸ್ತೆಯಲ್ಲಿ 1935ರಲ್ಲಿ ಪಯೊನಿಯರ್ ಹೆಲ್ತ್ ಸೆಂಟರ್ ಬಾಗಿಲು ತೆರೆಯಿತು, ಆಗ ಬರೋದವರು ತುಂಬಾ ಸಂತೋಷಪಟ್ಟರು."

ಕರಡು ತಿದ್ದುವವಳು

ನಾನು ಇಂಗ್ಲಿಷ್ ಕರಡು ತಿದ್ದುವ ಕೆಲಸ ಮಾಡುತ್ತೇನೆ. ಲಂಡನ್ನಿನ ಹೆಸರುಗಳು ದಿನಾ ಕೈಗೆ ಬರುತ್ತವೆ, ಅವು ಸರಿಯಾಗಿ ಬರಬೇಕು ಅನ್ನುವುದು ನನಗೆ ನಿಜಕ್ಕೂ ಮುಖ್ಯ. ಬರೆಯುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ. ನೀವು ನೆಲದ ಬಗ್ಗೆ ಹೇಳುತ್ತಿದ್ದೀರಾ, ಆಡಳಿತದ ಬಗ್ಗೆಯಾ?

ನೆಲ ಅಂದರೆ ಬರೀ "ಸದಕ್" ಸಾಕು. ಅದರ ಹಿಂದೆ "ದ" ಬರುವುದೇ ಇಲ್ಲ. ಕಸ ಒಯ್ಯುವುದು, ಗ್ರಂಥಾಲಯ ನಡೆಸುವುದು, ತೆರಿಗೆ ಕೇಳುವುದು ಬಂದರೆ "ಸದಕ್ ಕೌನ್ಸಿಲ್". ಇದಕ್ಕೂ "ದ" ಬೇಡ. ಪೂರ್ತಿ ಅಧಿಕೃತ ಹೆಸರು "ದ ಲಂಡನ್ ಬರೋ ಆಫ್ ಸದಕ್". ಇದಕ್ಕೆ ಮಾತ್ರ ವಾಕ್ಯದಲ್ಲಿ "ದ" ಬೇಕೇ ಬೇಕು. ಇದನ್ನು ಮೊದಲ ಸಲ ಒಮ್ಮೆ ಬರೆದು, ಆಮೇಲೆ ಸುಮ್ನೆ "ಸದಕ್" ಅನ್ನಿ. "ಸದಕ್ ಬರೋ" ಅಂದರೆ ಯಾರಿಗೂ ಅರ್ಥವಾಗದೆ ಇರುವುದಿಲ್ಲ, ಆದರೆ ಅಲ್ಲಿ ನಮ್ಮ ಭಾಷೆಯ ಅಭ್ಯಾಸ ಕಾಣುತ್ತದೆ. ನಾವು ಹೆಸರು ಮೊದಲು ಹೇಳಿ "ಜಿಲ್ಲೆ" ಆಮೇಲೆ ಸೇರಿಸುತ್ತೇವೆ. ಇಂಗ್ಲಿಷಿನ ಅಧಿಕೃತ ಹೆಸರಲ್ಲಿ ಬರೋ ಮೊದಲು, ಊರು ಆಮೇಲೆ.

ಎರಡನೇ ಸಲದಿಂದ "ದ ಬರೋ" ಅಂತ ಚುಟುಕಾಗಿ ಬರೆಯುವುದು ಬೇರೆ ಕಡೆ ನಡೆಯುತ್ತದೆ. ಸದಕ್‌ನಲ್ಲಿ ಮಾತ್ರ ಹುಷಾರು! ಬರೋ ಮಾರ್ಕೆಟ್, ಬರೋ ಹೈ ಸ್ಟ್ರೀಟ್, ಬರೋ ಟ್ಯೂಬ್ ನಿಲ್ದಾಣ ಎಲ್ಲ ಇರುವುದು ಇದರೊಳಗೇ. ಆ ಸುತ್ತಮುತ್ತಲ ಜಾಗಕ್ಕೇ "ಬರೋ" ಅಂತ ಹೆಸರು. ನೀವು ದೊಡ್ಡ ಅಕ್ಷರದ ಬಿ ಹಾಕಿ "ದ ಬರೋದವರು" ಅಂದರೆ ಲಂಡನ್ ಬ್ರಿಡ್ಜ್ ಹತ್ತಿರದವರು ಅಂತ ಓದುಗರು ತಿಳಿಯಬಹುದು. ಚಿಕ್ಕ ಬಿ ಹಾಕಿ, ಇಲ್ಲವೇ "ಪೆಕಮ್‌ನವರು" ಅಂತ ನೇರವಾಗಿ ಬರೆಯಿರಿ. ಇದೇ ತೊಡಕು "ಸದಕ್" ಹೆಸರಿಗೂ ಇದೆ. ಥೇಮ್ಸ್ ದಂಡೆಯ ಹಳೆಯ ಸದಕ್ ಬೇರೆ, ಡಲಿಚ್ ತನಕ ಹಬ್ಬಿರುವ ಬರೋ ಬೇರೆ. "ಪೆಕಮ್‌ನಿಂದ ಸದಕ್‌ಗೆ ನಡೆದೆವು" ಅಂದರೆ ದಂಡೆಯ ಸದಕ್ ಎಂದೇ ಅರ್ಥ. ಎರಡೂ ಕಲಸಿಹೋಗುವ ಕಡೆ ಮಾತ್ರ ಉದ್ದದ ಹೆಸರು ತನ್ನಿ, ಅದರ ಕೆಲಸವೇ ಅದು.

ಇನ್ನು ನಿಮ್ಮ 1935ರ ಸಾಲು. ಆಗ ಲಂಡನ್ ಬರೋ ಆಫ್ ಸದಕ್ ಇರಲೇ ಇಲ್ಲ. ಅದು ಬಂದದ್ದು 1965ರ ಏಪ್ರಿಲ್ 1ರಂದು, ಬರ್ಮಂಡ್ಸಿ, ಕ್ಯಾಂಬರ್‌ವೆಲ್, ಹಳೆಯ ಸದಕ್ ಎಂಬ ಮೂರು ಮೆಟ್ರೊಪಾಲಿಟನ್ ಬರೋಗಳನ್ನು ಒಂದು ಮಾಡಿ. 1900ರಿಂದ ಅಲ್ಲಿಯವರೆಗೆ ಪೆಕಮ್ ಇದ್ದದ್ದು ಮೆಟ್ರೊಪಾಲಿಟನ್ ಬರೋ ಆಫ್ ಕ್ಯಾಂಬರ್‌ವೆಲ್‌ನಲ್ಲಿ. ಇನ್ನೂ ಹಿಂದೆ, 1889ಕ್ಕೆ ಮುಂಚಿನ ಕಟ್ಟಡವಾದರೆ ಆಗ ಅದು ಸರ್ರೆ ಕೌಂಟಿ. ನಡಿಗೆಗೆ ಬರುವವರಲ್ಲಿ ಹುಟ್ಟಿನಿಂದ ಅಲ್ಲೇ ಇರುವ ಹಿರಿಯರು ಇರುತ್ತಾರೆ, ಕ್ಯಾಂಬರ್‌ವೆಲ್ ಬರೋ ನೆನಪು ಅವರಿಗೆ ಇರುತ್ತದೆ. ಅವರ ಊರಿನ ಹೆಸರನ್ನು ಅವರ ಕಾಲದ್ದೇ ಬರೆಯುವುದು ನ್ಯಾಯ. "ಇನ್ ವಾಟ್ ಈಸ್ ನೌ ಸದಕ್" ಅಂತ ಸೇರಿಸಿದರೆ ಹೊಸಬರಿಗೂ ಜಾಗ ತಿಳಿಯುತ್ತದೆ.

ಬಾಡಿಗೆ ಮನೆ ಕಾಗದ

ಅಕ್ಕ ಹೇಳಿದ್ದು ಸರಿ. ನಾನು ಮನೆ ಬಾಡಿಗೆ ಕರಾರುಗಳ ಕಡೆ ಕೆಲಸ ಮಾಡುವವನು, ಅಲ್ಲಿಯದು ಎರಡು ಮಾತು. ಕೌನ್ಸಿಲ್ ಮನೆಯ ಕರಾರಿನಲ್ಲಿ, ಕೋರ್ಟ್ ಕಾಗದದಲ್ಲಿ "ದ ಮೇಯರ್ ಅಂಡ್ ಬರ್ಜೆಸಸ್ ಆಫ್ ದ ಲಂಡನ್ ಬರೋ ಆಫ್ ಸದಕ್" ಅಂತ ಕಾಣಬಹುದು. ಅದು ಕಾನೂನಿಗಾಗಿ ಇರುವ ಹೆಸರು. ಕರಪತ್ರಕ್ಕೆ ತರಬೇಡಿ.

ವಿಳಾಸದಲ್ಲಿ ಬರೋ ಹೆಸರು ಬೇಕಿಲ್ಲ. ಮನೆ ನಂಬರು, ರಸ್ತೆ, ಆಮೇಲೆ ಲಂಡನ್, ಪಿನ್‌ಕೋಡ್ ಥರದ ಎಸ್‌ಇ15 ಪೋಸ್ಟ್‌ಕೋಡ್, ಅಷ್ಟೆ. ಸೇರುವ ಜಾಗ ಹೇಳುವಾಗ ಜನ ಸದಕ್ ಅಂತ ಸೇರಿಸಿ ಅರ್ಧ ಲಂಡನ್ ಸುತ್ತಿಸುತ್ತಾರೆ.

ಉತ್ತರ ಲಂಡನ್ನಿನವಳು

ನಮ್ಮ ಕಡೆ ಇನ್ನೂ ಕಷ್ಟ ರೀ. ಬರೋ ಹೆಸರು ಹ್ಯಾರಿಂಗೇ, ಅದರೊಳಗಿನ ಒಂದು ಬಡಾವಣೆಯ ಹೆಸರೂ ಹ್ಯಾರಿಂಗೇ. ಕೇಳಲು ಒಂದೇ, ಕಾಗುಣಿತ ಬೇರೆ. ಬರೋಗೆ ಒಂದು ಆರ್, ಕೊನೆಗೆ ಇ ಮತ್ತು ವೈ. ಬಡಾವಣೆಗೆ ಎರಡು ಆರ್, ಕೊನೆಗೆ ಎ ಮತ್ತು ವೈ. ಪತ್ರಿಕೆಯವರೂ ಕಲಸುತ್ತಾರೆ, ನೋಡಿದಾಗೆಲ್ಲ ಬೇಜಾರಾಗುತ್ತದೆ.

"ಲಂಡನ್ ಬರೋ ಆಫ್" ಅನ್ನುವುದನ್ನು ಕಣ್ಣುಮುಚ್ಚಿ ಎಲ್ಲದಕ್ಕೂ ಹಚ್ಚಬೇಡಿ. ಕೆನ್ಸಿಂಗ್ಟನ್ ಅಂಡ್ ಚೆಲ್ಸಿ, ಕಿಂಗ್‌ಸ್ಟನ್ ಅಪಾನ್ ಥೇಮ್ಸ್, 2012ರಿಂದ ಗ್ರೆನಿಚ್, ಈ ಮೂರೂ "ದ ರಾಯಲ್ ಬರೋ ಆಫ್". ವೆಸ್ಟ್‌ಮಿನ್‌ಸ್ಟರ್‌ಗೆ ನಗರದ ಪಟ್ಟ ಇದೆ, ಅದು "ದ ಸಿಟಿ ಆಫ್". ಸಿಟಿ ಆಫ್ ಲಂಡನ್ ಬರೋಗಳ ಲೆಕ್ಕದಲ್ಲೇ ಇಲ್ಲ, ಲಂಡನ್ನಿನ 32 ಬರೋಗಳ ಆಚೆಯದು ಅದು.

ಪೆಕಮ್ ನಿವಾಸಿ

ಎಷ್ಟು ಉಪಕಾರವಾಯಿತು! ಆ ಸಾಲನ್ನು ಹೀಗೆ ಬದಲಿಸಿದ್ದೇನೆ: "ಆಗ ಮೆಟ್ರೊಪಾಲಿಟನ್ ಬರೋ ಆಫ್ ಕ್ಯಾಂಬರ್‌ವೆಲ್, ಈಗ ಸದಕ್ ಆಗಿರುವ ಪೆಕಮ್‌ನ ಸೇಂಟ್ ಮೇರೀಸ್ ರಸ್ತೆಯಲ್ಲಿ, ಹೆಲ್ತ್ ಸೆಂಟರ್‌ನ ಹೊಸ ಕಟ್ಟಡ 1935ರಲ್ಲಿ ತೆರೆಯಿತು." ಕೊನೆಯ ಪ್ರಶ್ನೆ. ಮುಂದಿನ ನಡಿಗೆ ಟವರ್ ಹ್ಯಾಮ್ಲೆಟ್ಸ್‌ನಲ್ಲಿ. ಹೆಸರು ಬಹುವಚನದಂತಿದೆ, "ಈಸ್" ಹಾಕಬೇಕಾ, "ಆರ್" ಹಾಕಬೇಕಾ?

ಕರಡು ತಿದ್ದುವವಳು

"ಈಸ್". ಹ್ಯಾಮ್ಲೆಟ್ಸ್‌ನಲ್ಲಿ ಎಸ್ ಇದ್ದರೂ ಬರೋ ಒಂದೇ. ಬಾರ್ಕಿಂಗ್ ಅಂಡ್ ಡ್ಯಾಗನಮ್ ಬಂದರೂ ಹಾಗೇ, ಎರಡು ಊರು, ಒಂದು ಬರೋ, "ಈಸ್". ಹಿಂದೆ "ದ" ಬೇಡ. ಮತ್ತೆ ಬೆತ್ನಲ್ ಗ್ರೀನ್, ಪಾಪ್ಲರ್, ಸ್ಟೆಪ್ನಿ ಮೂರೂ 1965ರವರೆಗೆ ಬೇರೆಬೇರೆ ಬರೋಗಳು. ಆ ಕರಪತ್ರದಲ್ಲೂ ಇಸವಿ ನೋಡಿಕೊಂಡು ಹೆಸರು ಹಾಕಿ.