ಸಹಾಯ ಬೇಕು: ಮಾಮಿಯಾ 7 ಕೊಳ್ಳಲೇ, ಫ್ಯೂಜಿ ಜಿಡಬ್ಲ್ಯೂ690 ಕೊಳ್ಳಲೇ?

ಮಾನ್ಯ ಸದಸ್ಯರಿಗೆ ನಮಸ್ಕಾರ. 120 ಫಿಲಂ (35 ಮಿ.ಮೀ.ಗಿಂತ ಅಗಲವಾದ ರೋಲ್ ಫಿಲಂ) ಬಳಸುವ ರೇಂಜ್‌ಫೈಂಡರ್ ಕ್ಯಾಮೆರಾವೊಂದನ್ನು (ಫೈಂಡರಿನಲ್ಲಿ ಕಾಣುವ ಜೋಡಿ ಬಿಂಬಗಳನ್ನು ಒಂದಾಗಿಸಿ ಫೋಕಸ್ ಮಾಡುವಂಥದ್ದು) ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳಬೇಕೆಂದಿದ್ದು, ಈ ಎರಡರ ನಡುವೆ ತೀರ್ಮಾನಿಸಲಾಗದೆ ನಿಮ್ಮ ಸಲಹೆ ಕೋರುತ್ತಿದ್ದೇನೆ. ನಾನು ಹೆಚ್ಚಾಗಿ ತೆಗೆಯುವುದು ದೇವಾಲಯಗಳ ಹೊರಭಿತ್ತಿ ಮತ್ತು ಹಳೆಯ ಪೇಟೆಬೀದಿಗಳ ಕಪ್ಪು-ಬಿಳುಪು ಚಿತ್ರಗಳನ್ನು.

ಮಾಮಿಯಾ 7ರ ದೊಡ್ಡ ಆಕರ್ಷಣೆ ಅದರ ಲೆನ್ಸುಗಳು. ವಿಶಾಲ ನೋಟದ 43 ಮಿ.ಮೀ. ಲೆನ್ಸ್ ಇಕ್ಕಟ್ಟಾದ ಪ್ರಾಕಾರಗಳಲ್ಲಿ ಬಹಳ ಉಪಯುಕ್ತವಾದೀತು, ಆದರೆ ಅದಕ್ಕೆ ಪ್ರತ್ಯೇಕ ವ್ಯೂಫೈಂಡರ್ ಬೇಕು. ಶಟರ್ ಲೆನ್ಸಿನೊಳಗೇ ಇರುವುದರಿಂದ, ಲೆನ್ಸ್ ಬದಲಿಸುವ ಮುನ್ನ ತಳಭಾಗದ ಕೀಲಿಯನ್ನು ತಿರುಗಿಸಿ ಫಿಲಂಗೆ ಬೆಳಕು ತಾಗದಂತೆ ಒಳಗಿನ ಪರದೆಯನ್ನು ಮುಚ್ಚಬೇಕು. ಬ್ಯಾಟರಿ ಮುಗಿದರೆ ಕ್ಯಾಮೆರಾ ಕೆಲಸ ಮಾಡುವುದಿಲ್ಲ ಎಂಬುದೇ ನನ್ನ ಮುಖ್ಯ ಚಿಂತೆ.

ಫ್ಯೂಜಿಯಲ್ಲಿ ಬ್ಯಾಟರಿಯೂ ಇಲ್ಲ, ಲೈಟ್ ಮೀಟರೂ ಇಲ್ಲ. ಬದಲಿಸಲಾಗದ 90 ಮಿ.ಮೀ. ಎಫ್/3.5 ಲೆನ್ಸ್, ಒಂದು ರೋಲಿಗೆ 8 ಚಿತ್ರಗಳು, ಮಾಮಿಯಾದಲ್ಲಿ 10. 6x9 ಸೆಂ.ಮೀ. ನೆಗೆಟಿವ್ ಮೇಲೆ ಈ 90 ತೋರುವ ನೋಟ, 6x7ರ ಮೇಲೆ ಮಾಮಿಯಾದ 80 ಮಿ.ಮೀ. ತೋರುವುದಕ್ಕೆ ಹೆಚ್ಚುಕಡಿಮೆ ಸಮಾನವಾದ್ದರಿಂದ, ಒಂದೇ ಲೆನ್ಸಿನಲ್ಲಿ ಕೆಲಸ ಸಾಗುವುದಾದರೆ ಫ್ಯೂಜಿಯೇ ವಿವೇಕದ ಆಯ್ಕೆಯೆಂದು ನನಗನಿಸುತ್ತದೆ.

ಎರಡನ್ನೂ ಬಳಸಿದವರು ದಯವಿಟ್ಟು ತಿಳಿಸಿ: ಕಟ್ಟಡಗಳಿಗೆ 65 ಮಿ.ಮೀ. ಸಾಕಾಗುತ್ತದೆಯೇ, ಅಥವಾ 43 ಅನಿವಾರ್ಯವೇ? 150 ಮಿ.ಮೀ. ಲೆನ್ಸಿನ ಅಪರ್ಚರನ್ನು (ಬೆಳಕಿನ ಕಿಂಡಿಯನ್ನು) ಪೂರ್ತಿ ತೆರೆದಾಗ ಫೋಕಸ್ ನಂಬುವಂತಿರುತ್ತದೆಯೇ? ಫೈಂಡರಿನ ಜೋಡಿ ಬಿಂಬಗಳು ಮೇಲೆ-ಕೆಳಗೆ ಸರಿದಿದ್ದರೆ ಬೆಂಗಳೂರು ಅಥವಾ ಚೆನ್ನೈನಲ್ಲಿ ಸರಿಪಡಿಸಬಲ್ಲವರು ಇದ್ದಾರೆಯೇ?