ಐದು ತಿಂಗಳ ಬಸುರಿ ನಡೆಯಬಹುದೇ, ಮಲಗಿರಬೇಕೇ?

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ ಈಗ 22 ವಾರ, ಚೊಚ್ಚಲ ಬಸಿರು. ಹಾವೇರಿ ಕಡೆಯ ಹಳ್ಳಿಯಲ್ಲಿ ಅತ್ತೆಯವರ ಜೊತೆ ಇದ್ದೇನೆ. "ಕುಕ್ಕರಗಾಲಿನಲ್ಲಿ ಕೂತು ನೆಲ ಒರೆಸು, ಹೆರಿಗೆ ಸಲೀಸಾಗುತ್ತದೆ" ಎನ್ನುತ್ತಾರೆ ಅತ್ತೆ. "ಕೊಡ ಮುಟ್ಟಬೇಡ, ಮಲಗಿಕೋ" ಎನ್ನುತ್ತಾಳೆ ಅಮ್ಮ. ಮೊದಲು ದಿನವೂ ನಡೆಯುತ್ತಿದ್ದೆ, ವಾಂತಿ ಶುರುವಾದ ಮೇಲೆ ನಿಂತುಹೋಯಿತು. ಈಗ ಮತ್ತೆ ನಡೆಯಬಹುದೇ? ಹಿಮೋಗ್ಲೋಬಿನ್ 10.2 ಇದೆ.

ಉತ್ತರ (ಫಿಸಿಯೋಥೆರಪಿಸ್ಟ್): ಮೊದಲು ಸ್ಕ್ಯಾನಿಂಗ್ ವರದಿ ತೆಗೆದು ನೋಡಿ ತಾಯಿ. ಮಾಸು ಕೆಳಗಿದೆ ಎಂದು ಬರೆದಿದೆಯೇ? ರಕ್ತಸ್ರಾವ ಆಗಿತ್ತೇ? ಬಿಪಿ ಹೆಚ್ಚಿದೆಯೇ? ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿದ್ದಾರೆಯೇ? ಇವುಗಳಲ್ಲಿ ಒಂದಿದ್ದರೂ ನಿಮ್ಮ ವೈದ್ಯರ ಒಪ್ಪಿಗೆ ಇಲ್ಲದೆ ಏನನ್ನೂ ಶುರು ಮಾಡಬೇಡಿ. 10.2 ಎಂದರೆ ಸ್ವಲ್ಪ ರಕ್ತಹೀನತೆ. ಕಬ್ಬಿಣದ ಮಾತ್ರೆ ತಪ್ಪಿಸಬೇಡಿ, ಅದರ ಜೊತೆಗೆ ಚಹಾ ಕುಡಿಯಬೇಡಿ. ನಿಧಾನವಾಗಿ ನಡೆಯಲು ಅದು ಅಡ್ಡಿಯಲ್ಲ.

ಮಲಗಿಯೇ ಇರುವುದು ಒಳ್ಳೆಯದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬಸಿರಿನಲ್ಲಿ ರಕ್ತ ಸಹಜವಾಗಿಯೇ ಬೇಗ ಹೆಪ್ಪುಗಟ್ಟುತ್ತದೆ. ಕಾಲಾಡಿಸದಿದ್ದರೆ ಆ ಅಪಾಯ ಹೆಚ್ಚುತ್ತದೆ. ನೆಲ ಒರೆಸಿದರೆ ಹೆರಿಗೆ ಸುಲಭವಾಗುತ್ತದೆ ಎಂದು ಯಾರೂ ಮಾತು ಕೊಡಲಾರರು. ಕುಕ್ಕರಗಾಲು ಹಾಕುವುದಕ್ಕಿಂತ ಒದ್ದೆ ನೆಲದಲ್ಲಿ ಜಾರುವುದೇ ನನಗೆ ದೊಡ್ಡ ಭಯ.

ಪ್ರಶ್ನೆ: ಮಾಸು ಮೇಲಿದೆ ಎಂದು ಬರೆದಿದೆ, ಬಿಪಿಯೂ ಸರಿ ಇದೆ. ಎಷ್ಟು ನಡೆಯಲಿ?

ಉತ್ತರ: ಹತ್ತು ನಿಮಿಷದಿಂದ ಶುರು ಮಾಡಿ. ಮೈಗೆ ಒಗ್ಗಿದ ಹಾಗೆ ಅರ್ಧ ಗಂಟೆಗೆ ಏರಿಸಿ, ವಾರಕ್ಕೆ ಐದು ದಿನ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ 150 ನಿಮಿಷ ಅಲ್ಲಿಗೆ ಆಗುತ್ತದೆ. ನಡೆಯುತ್ತಾ ಮಾತನಾಡಲು ಆಗಬೇಕು; ಒಂದು ವಾಕ್ಯ ಮುಗಿಸುವುದರೊಳಗೆ ಉಸಿರು ಕಟ್ಟಿದರೆ ವೇಗ ತಗ್ಗಿಸಿ. ಬಿಸಿಲೇರುವ ಮುಂಚೆ ಹೊರಡಿ, ನೀರು ಒಯ್ಯಿರಿ. ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವುದನ್ನು ಹಾಕಿಕೊಳ್ಳಿ. ಈಗ ಕೀಲುಗಳು ಸಡಿಲ, ಹೊಟ್ಟೆಯ ಭಾರ ಮುಂದಕ್ಕೆ. ಕಾಲು ಹೊರಳಲು ಸಣ್ಣ ಕಲ್ಲು ಸಾಕು.

ಮನೆಯಲ್ಲಿ ಇನ್ನೊಂದು: ಗೋಡೆಗೆ ಒತ್ತಿಟ್ಟ ಕುರ್ಚಿಯಿಂದ ಎದ್ದು ಕೂರುವುದು. ಏಳುವಾಗ ಉಸಿರು ಬಿಡಿ, ಬಿಗಿಹಿಡಿಯಬೇಡಿ. ದಿನಕ್ಕೆ ಎಂಟು-ಹತ್ತು ಸಲ ಮಾಡಿದರೂ ತೊಡೆಗೆ ಬಲ ಬರುತ್ತದೆ.

ಇನ್ನೊಬ್ಬ ಬಸುರಿ: ನಾನು ಬೆಂಗಳೂರಿನಲ್ಲಿ ಯೋಗ ತರಗತಿಗೆ ಹೋಗುತ್ತೇನೆ, 26 ವಾರ. ಶವಾಸನದಲ್ಲಿ ತಲೆ ಸುತ್ತಿದಂತಾಗುತ್ತದೆ.

ಉತ್ತರ: ಅಂಗಾತ ಮಲಗಿದಾಗ ಗರ್ಭಕೋಶದ ಭಾರ ಹೃದಯಕ್ಕೆ ರಕ್ತ ತರುವ ದೊಡ್ಡ ನಾಳದ ಮೇಲೆ ಬೀಳುತ್ತದೆ, ಸುತ್ತು ಬರುವುದು ಅದರಿಂದಲೇ. ಎಡಮಗ್ಗುಲಿಗೆ ಮಲಗಿ, ಮಂಡಿಗಳ ನಡುವೆ ದಿಂಬು ಇಟ್ಟುಕೊಳ್ಳಿ. ಬೇರೆ ಹೊತ್ತಿನಲ್ಲೂ ಸುತ್ತು ಬಂದರೆ ವೈದ್ಯರಿಗೆ ತೋರಿಸಿ. ನೀವು ಬಸುರಿ ಎಂದು ತರಗತಿಯವರಿಗೆ ಮೊದಲೇ ಹೇಳಿ. ಹೊಟ್ಟೆ ಒತ್ತುವ, ಜೋರಾಗಿ ತಿರುಚುವ ಆಸನ ಬೇಡ.

ನೀವಿಬ್ಬರೂ ಗಮನಿಸಿ: ರಕ್ತ ಅಥವಾ ನೀರು ಹೋದರೆ, ಹೊಟ್ಟೆ ಮತ್ತೆ ಮತ್ತೆ ಬಿಗಿಯಾಗಿ ನೋವು ಬಂದರೆ, ಎದೆ ನೋವು, ತಡೆಯಲಾಗದ ತಲೆನೋವು ಬಂದರೆ ಅಥವಾ ಒಂದೇ ಮೀನಖಂಡ ಊದಿ ನೋವಾದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೊರಡಿ. ಬೆಳಗಿನವರೆಗೆ ಕಾಯಬೇಡಿ.

ಪ್ರಶ್ನೆ: ಅತ್ತೆಯವರಿಗೆ ಏನು ಹೇಳಲಿ ಮೇಡಂ?

ಉತ್ತರ: ಅವರನ್ನೇ ಜೊತೆಗೆ ಕರೆದುಕೊಂಡು ಹೋಗಿ. ನಡೆಯುತ್ತಾ ಮಾತನಾಡಲು ಒಬ್ಬರು ಬೇಕಲ್ಲ.